ಉಂಡ ಮುದ್ದೆ ಕಸುವಾಗುವುದು ಎಲ್ಲಿ?

ಶೇಂಗಾ ಸುಗ್ಗಿ ಮುಗಿದ ಹೊತ್ತಿನಲ್ಲಿ ಕೊಂಡ್ಲಹಳ್ಳಿಯ ನಮ್ಮ ಚಿಕಿತ್ಸಾಲಯಕ್ಕೆ ಐವತ್ತೈದರ ಆಸುಪಾಸಿನ ರೈತರೊಬ್ಬರು ಬಂದಿದ್ದರು. “ಡಾಕ್ಟ್ರೇ, ಮೂರು ಹೊತ್ತೂ ಮುದ್ದೆ ಉಣ್ತೀನಿ. ಆದ್ರೂ ಮೈಯಾಗೆ ಕಸುವಿಲ್ಲ” ಎಂದರು. ಪರೀಕ್ಷಿಸಿದಾಗ ರಕ್ತದ ಸಕ್ಕರೆ 350 ದಾಟಿತ್ತು. ಎಡಗಾಲಿನ ಕಿರುಬೆರಳಿನಲ್ಲಿ ಹುಣ್ಣಾಗಿತ್ತು. ಅದರ ನೋವೇ ಅವರಿಗೆ ತಿಳಿದಿರಲಿಲ್ಲ. ಮೂರು ತಿಂಗಳ ಹಿಂದೆ ನಾವು ಕೊಟ್ಟ ಕಷಾಯವನ್ನು ನಂಬಿ ಅವರು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟುಬಿಟ್ಟಿದ್ದರು. ಬಿಡಿರೆಂದು ನಾವು ಹೇಳಿರಲಿಲ್ಲ, ಬಿಡಬೇಡಿರೆಂದೂ ಹೇಳಿರಲಿಲ್ಲ. ನಮ್ಮ ಆ ಮೌನಕ್ಕೆ ಅವರು ಒಂದು ಬೆರಳನ್ನು ತೆರಬೇಕಾಯಿತು.

ಹೊಟ್ಟೆ ತುಂಬ ಉಂಡರೂ ಕಸುವೇಕಿಲ್ಲ ಎಂಬ ಅವರ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಅದನ್ನು ಇಂದು ಓದುಗ ಬಂಧುಗಳೆಲ್ಲರ ಮುಂದಿಡುತ್ತಿದ್ದೇವೆ.

ನಮ್ಮ ದೇಹವು ಲಕ್ಷಾಂತರ ಕೋಟಿ ಜೀವಕೋಶಗಳ ಸಮುದಾಯ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಪುಟ್ಟ ಕೋಣೆಗಳನ್ನು ‘ಸೆಲ್’ ಎಂದು ಕರೆದರು. ಪ್ರತಿಯೊಂದು ಕೋಶಕ್ಕೂ ಒಂದು ಪೊರೆಯಿದೆ. ಅದು ಮುಖ್ಯವಾಗಿ ಕೊಬ್ಬಿನ ಜಾತಿಯ ಕಣಗಳ ಎರಡು ಪದರ. ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲವೆಂಬುದನ್ನು ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು ಕಂಡ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಆದುದರಿಂದ ನೀರಿನಲ್ಲಿ ಕರಗಿರುವ ಸಕ್ಕರೆಯು ಈ ಪೊರೆಯನ್ನು ತಾನಾಗಿ ದಾಟಲಾರದು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೇ ಅದಕ್ಕೆ ಬಾಗಿಲು.

ಪೊರೆಯ ಒಳಗೆ ಒಂದೊಂದು ಅಂಗಕಕ್ಕೂ ಅದರದರ ಕಾಯಕವಿದೆ. ಕೋಶಕೇಂದ್ರವು ವಂಶವಾಹಿಗಳನ್ನು ಕಾಪಾಡುತ್ತದೆ. ರೈಬೋಸೋಮುಗಳು ಅಲ್ಲಿಂದ ಬಂದ ಆದೇಶದಂತೆ ಪ್ರೋಟೀನು ಕಟ್ಟುತ್ತವೆ. ಗಾಲ್ಜಿ ಎಂಬ ಭಾಗವು ಅದನ್ನು ಸಿದ್ಧಗೊಳಿಸಿ ಬೇಕಾದೆಡೆಗೆ ಕಳುಹಿಸುತ್ತದೆ. ಲೈಸೋಸೋಮುಗಳು ಹಳೆಯದನ್ನು ಜೀರ್ಣಿಸುತ್ತವೆ. ಮೈಟೋಕಾಂಡ್ರಿಯವು ಕೋಶದ ಒಲೆ.

ರಾಗಿಯಾಗಲಿ ಅಕ್ಕಿಯಾಗಲಿ, ಅದರ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗಿ ರಕ್ತವನ್ನು ಸೇರುತ್ತದೆ. ರಕ್ತದಿಂದ ಕೋಶವನ್ನು ಹೊಗುತ್ತದೆ. ಮೊದಲ ಹಂತ ಕೋಶರಸದಲ್ಲಿ ನಡೆಯುತ್ತದೆ. ಆರು ಇಂಗಾಲದ ಗ್ಲೂಕೋಸು ಮೂರು ಇಂಗಾಲದ ಎರಡು ತುಂಡುಗಳಾಗುತ್ತದೆ. ಇದಕ್ಕೆ ಆಮ್ಲಜನಕ ಬೇಡ; ಆದರೆ ಲಾಭವೂ ಅಲ್ಪ. ಎಟಿಪಿ ಎಂಬ ಶಕ್ತಿಯ ನಾಣ್ಯ ಎರಡು ಮಾತ್ರ ಉಳಿಯುತ್ತವೆ. ಮೈಟೋಕಾಂಡ್ರಿಯವಿಲ್ಲದ ಕೆಂಪು ರಕ್ತಕಣಗಳು ಈ ಎರಡರಲ್ಲಿಯೇ ಬದುಕುತ್ತವೆ. ದೇಹದಿಂದ ತೆಗೆದ ಮೇಲೂ ಅವು ಸಕ್ಕರೆಯನ್ನು ಉಣ್ಣುತ್ತಲೇ ಇರುತ್ತವೆ. ಸಕ್ಕರೆ ಪರೀಕ್ಷೆಯ ರಕ್ತವನ್ನು ಬೂದು ಮುಚ್ಚಳದ ಕೊಳವೆಗೆ ಹಾಕುವುದು ಇದೇ ಕಾರಣಕ್ಕೆ. ಅದರಲ್ಲಿರುವ ಫ್ಲೋರೈಡು ಈ ಕ್ರಿಯೆಯನ್ನು ತಡೆಯುತ್ತದೆ. ನಮ್ಮ ಭಾಗದ ಕೊಳವೆಬಾವಿಗಳ ನೀರಿನಲ್ಲಿದ್ದು ಮಕ್ಕಳ ಹಲ್ಲನ್ನು ಕಂದಿಸುವುದೂ ಫ್ಲೋರೈಡೇ. ಪರೀಕ್ಷೆಯ ಕೊಳವೆಯಲ್ಲಿ ಮಾತ್ರ ಅದರ ಪ್ರಮಾಣ ನೂರಾರು ಪಟ್ಟು ಹೆಚ್ಚು.

ಉಳಿದ ಕೋಶಗಳಲ್ಲಿ ಆ ಎರಡು ತುಂಡುಗಳು ಮೈಟೋಕಾಂಡ್ರಿಯಕ್ಕೆ ಹೋಗುತ್ತವೆ. ಅಲ್ಲಿ 1937ರಲ್ಲಿ ಹಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ ಸುತ್ತಿ, ಕೊನೆಗೆ ಉಸಿರಿನ ಆಮ್ಲಜನಕದ ನೆರವಿನಿಂದ ಇಂಗಾಲದ ಡೈಆಕ್ಸೈಡು ಮತ್ತು ನೀರಾಗುತ್ತವೆ. ಆಗ ಒಂದು ಗ್ಲೂಕೋಸಿಗೆ ಒಟ್ಟು ಸುಮಾರು 30 ಎಟಿಪಿ ದೊರೆಯುತ್ತದೆ. ಉಂಡ ಮುದ್ದೆ ಕಸುವಾಗುವುದು ಹೆಚ್ಚಾಗಿ ಇಲ್ಲಿಯೇ.

ಎಟಿಪಿಯ ಶೋಧದಲ್ಲಿ ನಮ್ಮ ನೆರೆಯ ಆಂಧ್ರದವರೊಬ್ಬರ ಪಾಲಿದೆ. 1895ರಲ್ಲಿ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದವರು. ಬಳಿಕ ಅಮೆರಿಕದ ಹಾರ್ವರ್ಡಿಗೆ ಹೋಗಿ, 1929ರಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸ್ನಾಯುವಿನಲ್ಲಿ ಈ ವಸ್ತುವನ್ನು ಕಂಡುಹಿಡಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಅವರೂ ಬೇರೆಯಾಗಿ ಅದನ್ನು ಕಂಡರು. ಆಯುರ್ವೇದವನ್ನು ಓದಿದ ನಮ್ಮಂಥವರಿಗೆ ಸುಬ್ಬರಾವ್ ಅವರ ಬಾಳು ಒಂದು ಪಾಠ.

ಚರಕಸಂಹಿತೆಯು ಜಠರಾಗ್ನಿ ಒಂದು, ಭೂತಾಗ್ನಿ ಐದು, ಧಾತ್ವಗ್ನಿ ಏಳು ಎಂದು ಹದಿಮೂರು ಅಗ್ನಿಗಳನ್ನು ಹೇಳುತ್ತದೆ. ಪಾಕವು ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ, ಧಾತುಗಳಲ್ಲಿಯೂ ನಡೆಯುತ್ತದೆ ಎಂಬ ಆ ತಿಳಿವಳಿಕೆ ದೊಡ್ಡದು. ಆದರೆ ಮೈಟೋಕಾಂಡ್ರಿಯವನ್ನು ಅವರು ಕಂಡಿದ್ದರೆಂದು ಹೇಳುವುದು ಸತ್ಯವಲ್ಲ. ಹೋಲಿಕೆಯೇ ಬೇರೆ, ಪುರಾವೆಯೇ ಬೇರೆ.

ಈಗ ಆ ರೈತರ ಪ್ರಶ್ನೆಗೆ ಬರೋಣ. ಸ್ನಾಯುವಿನ ಕೋಶಗಳಲ್ಲಿ ಗ್ಲೂಕೋಸಿನ ಬಾಗಿಲುಗಳು ಬಹುಪಾಲು ಒಳಗೇ ಅಡಗಿರುತ್ತವೆ; ಇನ್ಸುಲಿನ್ ಬಂದು ಸೂಚಿಸಿದಾಗ ಪೊರೆಗೆ ಬಂದು ಸೇರುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸಾಲದು, ಇಲ್ಲವೇ ಅದರ ಸೂಚನೆಗೆ ಕೋಶವು ಓಗೊಡುವುದಿಲ್ಲ. ಕೆರೆ ತುಂಬಿದ್ದರೂ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದೆಯಲ್ಲವೇ? ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಕೋಶ ಹಸಿದಿರುತ್ತದೆ. ಹೊರಗೆ ನಿಂತ ಆ ಸಕ್ಕರೆಯೇ ವರ್ಷಗಳು ಕಳೆದಂತೆ ನರಗಳನ್ನೂ ರಕ್ತನಾಳಗಳನ್ನೂ ಕೆಡಿಸುತ್ತದೆ. ಕಾಲಿನ ಹುಣ್ಣು ನೋಯದಿದ್ದುದಕ್ಕೆ ಕಾರಣ ಇದೇ.

ತೂಬನ್ನು ತೆರೆಯಲು ಇನ್ನೊಂದು ದಾರಿಯಿದೆ. ಸ್ನಾಯು ದುಡಿಯುವಾಗ ಇನ್ಸುಲಿನ್ ಕರೆಯದಿದ್ದರೂ ಆ ಬಾಗಿಲುಗಳು ಪೊರೆಗೆ ಬರುತ್ತವೆ. ದಿನವೂ ನಡೆಯುವವರ ಸ್ನಾಯುಗಳಲ್ಲಿ ಮೈಟೋಕಾಂಡ್ರಿಯವೂ ಹೆಚ್ಚುತ್ತದೆ.

ಆದುದರಿಂದ ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಊಟವಾದ ಮೇಲೆ ಹದಿನೈದು ನಿಮಿಷವಾದರೂ ನಡೆಯಿರಿ. ಕಾಲಿನಲ್ಲಿ ಹುಣ್ಣಿದ್ದವರು ಮೊದಲು ವೈದ್ಯರನ್ನು ಕೇಳಿರಿ. ರಾಗಿಯೂ ಪಿಷ್ಟವೇ ಆದ್ದರಿಂದ ಮುದ್ದೆಯ ಗಾತ್ರಕ್ಕೆ ಮಿತಿಯಿರಲಿ. ಜೊತೆಗೆ ಸೊಪ್ಪು, ಕಾಳು ಇರಲಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿಕೊಳ್ಳಿರಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆವರಿ, ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲು ಬೆಲ್ಲವನ್ನೋ ಸಕ್ಕರೆಯನ್ನೋ ಜೇಬಿನಲ್ಲಿ ಇಟ್ಟುಕೊಂಡಿರಲಿ. ಎಲ್ಲಕ್ಕೂ ಮಿಗಿಲಾಗಿ, ಯಾರ ಕಷಾಯವನ್ನು ನಂಬಿಯೂ, ನಮ್ಮದನ್ನು ನಂಬಿಯೂ, ವೈದ್ಯರನ್ನು ಕೇಳದೆ ಮಾತ್ರೆಯನ್ನು ಬಿಡಬೇಡಿರಿ.

ಆ ರೈತರು ಈಗ ಚಪ್ಪಲಿಯಿಲ್ಲದೆ ಹೊಲಕ್ಕೆ ಕಾಲಿಡುವುದಿಲ್ಲ. ಸಂಜೆಯ ಊಟದ ನಂತರ ಬಸ್ ನಿಲ್ದಾಣದವರೆಗೆ ನಡೆದು ಬರುತ್ತಾರೆ. ನಾವೂ ಒಂದು ಅಭ್ಯಾಸವನ್ನು ಮಾಡಿಕೊಂಡಿದ್ದೇವೆ. ಕಷಾಯದ ಚೀಟಿ ಬರೆಯುವ ಮುನ್ನ, “ಮಾತ್ರೆ ತಗೊಳ್ತಿದ್ದೀರಾ?” ಎಂದು ಕೇಳುತ್ತೇವೆ, ಉತ್ತರ ಬರುವವರೆಗೆ ಲೇಖನಿಯನ್ನು ಕೆಳಗೇ ಇಟ್ಟಿರುತ್ತೇವೆ.