ಬಂಡೂರು ದಾರಿಯಲ್ಲಿ ಹಿಡಿದ ಚಕ್ರ

ಮಳವಳ್ಳಿ ತಾಲ್ಲೂಕಿನ ಬಂಡೂರು ಅಂದರೆ ಕುರಿ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಹಿಂದಿನಿಂದ ನೋಡಿದರೆ ಬೋರಲಿಟ್ಟ ಲಾಳದಂತೆ ತುಂಬಿಕೊಂಡ ತೊಡೆ. ಈ ಕುರಿಗಳು ಸಂತೆಗೆ ಹೋಗುವುದು ಪಿಕಪ್ ಗಾಡಿಗಳಲ್ಲಿ. ಅಂಥದ್ದೊಂದು ಗಾಡಿ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬಿಡುತ್ತ ರಸ್ತೆಬದಿಯ ಗ್ಯಾರೇಜಿಗೆ ಬಂದು ನಿಂತಾಗ ನಾನು ಅಲ್ಲೇ ಇದ್ದೆ.

“ಎಡಕ್ಕೇ ಎಳೀತದೆ ಕಣಣ್ಣ, ಕಾಲು ತೆಗುದ್ರೂ ಬುಡಕ್ಕಿಲ್ಲ” ಎನ್ನುತ್ತಲೇ ಡ್ರೈವರ್ ನೀರಿನ ಬಾಟಲಿ ಎತ್ತಿದ. ಮೆಕ್ಯಾನಿಕ್ ಅವನ ಕೈ ತಡೆದರು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಮೊದಲು ಕುರಿಗಳನ್ನು ಇಳಿಸಿ ಹೊಂಗೆಮರದ ನೆರಳಿಗೆ ಕಟ್ಟಿಸಿದರು. ಆ ಬಿಸಿಲಲ್ಲಿ ಅವು ಏದುಸಿರು ಬಿಡುತ್ತಿದ್ದುದನ್ನು ನೋಡಿದ ಮೇಲೆ ನನಗೂ ಅದೇ ಮೊದಲ ಕೆಲಸ ಅನ್ನಿಸಿತು.

ಪಿಕಪ್‌ಗಳಲ್ಲಿ ಹಿಂದೆ ಡ್ರಮ್ಮು, ಮುಂದೆ ಡಿಸ್ಕು. ಆ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡುಗಳಲ್ಲಿ ಅದುಮಿ ಹಿಡಿಯುವುದು ಕ್ಯಾಲಿಪರ್. ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ. ಕಾಲು ತೆಗೆದರೆ ಅದನ್ನು ಹಿಂದಕ್ಕೆ ಸರಿಸುವುದು ಯಾವುದು? ಸ್ಪ್ರಿಂಗ್ ಅಲ್ಲ. ಪಿಸ್ಟನ್ ಸುತ್ತ ಕೂತ ಒಂದು ರಬ್ಬರ್ ಸೀಲು. ತುಳಿದಾಗ ತುಸು ತಿರುಚಿಕೊಂಡ ಸೀಲು ಮತ್ತೆ ನೆಟ್ಟಗಾಗುವಾಗ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಚೂರಿನಷ್ಟು ಹಿಂದಕ್ಕೆಳೆಯುತ್ತದೆ. ಅಷ್ಟೇ ಸಾಕು, ಚಕ್ರ ಬಿಡುಗಡೆಯಾಗುತ್ತದೆ. ಇಷ್ಟು ಭಾರದ ಗಾಡಿ ಇಷ್ಟು ಸಣ್ಣ ಸರಿದಾಟವನ್ನು ನಂಬಿ ಓಡುತ್ತದೆಂದು ತಿಳಿದಾಗ ನಾನು ಸ್ವಲ್ಪ ಹೊತ್ತು ಆ ಚಕ್ರವನ್ನೇ ನೋಡುತ್ತ ನಿಂತೆ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಜತೆಗೆ ಮರದ ದಿಮ್ಮಿ ಇಟ್ಟರು. ಬಲಚಕ್ರ ಕೈಯಲ್ಲಿ ತಿರುಗಿತು. ಎಡಚಕ್ರ ಅಲ್ಲಾಡಲಿಲ್ಲ. ತಪ್ಪು ಎಲ್ಲಿದೆ ಎಂದು ಹುಡುಕುವ ಕೆಲಸ ಶುರುವಾಗುವುದು ಇಲ್ಲಿಂದ. ಬಹಳ ಕಡೆ ಬಿಟ್ಟುಹೋಗುವುದೂ ಇದೇ. ಸವೆದ ಪ್ಯಾಡು ಕಂಡ ಕೂಡಲೇ ಹೊಸದು ಹಾಕಿ ಕಳಿಸಿಬಿಡುತ್ತಾರೆ. ಹೊಸ ಪ್ಯಾಡೂ ಹಾಗೇ ಸುಡುತ್ತದೆ. ಇವರು ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲನ್ನು ತುಸು ಸಡಿಲಿಸಿದರು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ಆಗ ಒಳಗೆ ಊದಿಕೊಂಡ ಹೋಸ್ ಪೈಪನ್ನೋ ಮಾಸ್ಟರ್ ಸಿಲಿಂಡರನ್ನೋ ನೋಡಬೇಕು. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡದಿದ್ದರೆ ರೋಗ ಕ್ಯಾಲಿಪರಿನದೇ. ಇಲ್ಲಿ ಬಿಡಲಿಲ್ಲ.

ಬೋಲ್ಟ್ ತೆಗೆದಾಗ ಒಳಗಿನ ಪ್ಯಾಡು ತಗಡಿನವರೆಗೂ ಸವೆದಿತ್ತು, ಹೊರಗಿನದು ಇನ್ನೂ ದಪ್ಪಗಿತ್ತು. ಕ್ಯಾಲಿಪರ್ ಆಚೀಚೆ ಜಾರಲು ಎರಡು ಗೈಡ್ ಪಿನ್ನುಗಳಿರುತ್ತವೆ; ಒಂದು ಸಲೀಸಾಗಿ ಬಂತು, ಇನ್ನೊಂದು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಅದರ ರಬ್ಬರ್ ಬೂಟು ಹರಿದಿತ್ತು. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹರಿಯುವ ಸೀಮೆ ಇದು. ಗದ್ದೆ ಬದಿಯ ದಾರಿಯ ಕೆಸರು ಒಂದು ಸಣ್ಣ ಹರಕು ಸಿಕ್ಕರೂ ಒಳಗೆ ಇಳಿಯುತ್ತದೆ.

ಪಿನ್ನು ತೆಗೆಯಲು ಒಂದು ಗಂಟೆಯೇ ಹಿಡಿಯಿತು. ತುಕ್ಕಿಗೆ ಎಣ್ಣೆ ಬಿಟ್ಟು ಕಾಯುವುದು, ತಿರುಗಿಸುವುದು, ಮತ್ತೆ ಕಾಯುವುದು. ಹೊರಬಂದಾಗ ಅದರ ಮೈಯೆಲ್ಲ ಗುಳಿ. ಉಜ್ಜಿ ಹಾಕುವುದು ಬೇಡವೆಂದು ಹೊಸ ಪಿನ್ನು, ಹೊಸ ಬೂಟು ತರಿಸಿದರು. ರಂಧ್ರವನ್ನು ಚೊಕ್ಕ ಮಾಡಿ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಿದರು. ಮಾಮೂಲಿ ಗ್ರೀಸು ಬಿಸಿಗೆ ಕರಗುತ್ತದೆ, ರಬ್ಬರನ್ನೂ ಊದಿಸುತ್ತದೆ. ಡೀಸೆಲಿನಲ್ಲಿ ಸೀಲು ತೊಳೆಯುವುದೂ ಇಂಥದೇ ತಪ್ಪು. ಪಿಸ್ಟನ್ ಹಳೇ ಪ್ಯಾಡಿನ ಮೇಲೆ ಕ್ಲಾಂಪ್ ಇಟ್ಟು ಒತ್ತಿದಾಗ ನಯವಾಗಿ ಒಳಹೋಯಿತು; ಅದಕ್ಕೆ ಕೈ ಹಚ್ಚಲಿಲ್ಲ. ಎರಡೂ ಚಕ್ರಗಳಿಗೆ ಹೊಸ ಪ್ಯಾಡು ಕೂರಿಸಿ, ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ತೆಗೆದರು.

ಹೊರಡುವ ಮುನ್ನ ಪೆಡಲ್ ಗಟ್ಟಿಯಾಗುವ ತನಕ ಡ್ರೈವರ್ ಕೈಲಿ ತುಳಿಸಿದರು. ಪಿಸ್ಟನ್ ಹಿಂದೆ ಒತ್ತಿದ ಮೇಲೆ ಮೊದಲ ತುಳಿತ ಪೊಳ್ಳಾಗಿ ನೆಲಕ್ಕೆ ಇಳಿಯುತ್ತದೆ. ಅದನ್ನು ಮರೆತು ಗಾಡಿ ತೆಗೆದವರಿಗೆ ಮೊದಲ ತಿರುವಿನಲ್ಲೇ ಅಪಾಯ ಕಾದಿರುತ್ತದೆ. ಕಿರುಗಾವಲಿನ ದಿಕ್ಕಿಗೆ ಖಾಲಿ ಗಾಡಿ ಓಡಿಸಿ ಬಂದರು. ಎರಡೂ ಚಕ್ರಗಳ ಹತ್ತಿರ ಮುಟ್ಟದಂತೆ ಅಂಗೈ ಹಿಡಿದು ನೋಡಿದರು, ನನ್ನ ಕೈಗೂ ತೋರಿಸಿದರು. ಎರಡೂ ಕಡೆ ಒಂದೇ ಹದದ ಬಿಸಿ. “ಈಗ ಹತ್ತುಸ್ಕೊ” ಎಂದು ಮರದ ಕಡೆ ಕೈ ತೋರಿಸಿದರು.