ಏಳು ಜನ ನುಡಿಸಿದ್ದು, ಹೆಸರು ಒಬ್ಬನದು

ಜಾಜ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಹಳೆಯ ಹಿಂದಿ ಚಿತ್ರಗಳ ಕ್ಲಬ್ ದೃಶ್ಯ: ಮಂದ ಬೆಳಕು, ಸಿಗರೇಟಿನ ಹೊಗೆ, ಹಿನ್ನೆಲೆಯಲ್ಲಿ ಟ್ರಂಪೆಟ್ಟಿನ ಕೂಗು. ಕೇಳಲು ಕೂತರೆ ಎಲ್ಲರೂ ತಮ್ಮ ಪಾಡಿಗೆ ತಾವು ನುಡಿಸುತ್ತಿರುವಂತೆ ತೋರುತ್ತದೆ. ‘ಇದಕ್ಕೆ ತಲೆಯೆಲ್ಲಿ, ಬಾಲವೆಲ್ಲಿ?’ ಎಂದು ಎದ್ದುಹೋದವರೂ ಉಂಟು. ಅಂಥವರಿಗೆ ಜಾಜ್ ಬಲ್ಲವರು ಮೊದಲು ಕೇಳಿಸುವ ಧ್ವನಿಮುದ್ರಿಕೆ ಸಾಮಾನ್ಯವಾಗಿ ಒಂದೇ. ಅಮೆರಿಕದ ಕೊಲಂಬಿಯಾ ಕಂಪೆನಿ 1959ರ ಆಗಸ್ಟ್ 17ರಂದು ಹೊರತಂದ ‘ಕೈಂಡ್ ಆಫ್ ಬ್ಲೂ’. ಅದರಲ್ಲಿರುವುದು ಐದೇ ಕೃತಿಗಳು, ಸುಮಾರು 45 ನಿಮಿಷಗಳ ಸಂಗೀತ.

ಅದರ ಮುಖಪುಟದ ಚಿತ್ರದಲ್ಲಿ ಇರುವವನು ಒಬ್ಬನೇ: ಕತ್ತಲ ಹಿನ್ನೆಲೆಯಲ್ಲಿ ಟ್ರಂಪೆಟ್ ನುಡಿಸುತ್ತಿರುವ ಮೈಲ್ಸ್ ಡೇವಿಸ್. ದೊಡ್ಡ ಅಕ್ಷರಗಳಲ್ಲಿರುವ ಹೆಸರೂ ಅವನದೇ. ಆದರೆ ಈ ಸಂಗೀತವನ್ನು ಮಾಡಿದವರು ಏಳು ಮಂದಿ. ಆ ಏಳು ಮಂದಿ ಒಬ್ಬರಿಗೊಬ್ಬರು ಕಿವಿಗೊಟ್ಟ ಬಗೆಯಲ್ಲೇ ಈ ಸಂಗೀತದ ಗುಟ್ಟು ಇದೆ. ಅದನ್ನು ತಿಳಿದರೆ ಜಾಜ್ ಗದ್ದಲವೆನಿಸುವುದಿಲ್ಲ. ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಹೀಗೆ ಕೂಡಿ ಮಾಡಿದ ಸಂಗೀತ ಯಾರಿಗೆ ಸೇರಿದ್ದು?

ಮೊದಲು ಜಾಜ್ ಕೃತಿಯೊಂದರ ಕಟ್ಟಡ ನೋಡೋಣ. ಆರಂಭದಲ್ಲಿ ತಂಡ ಒಂದು ಚಿಕ್ಕ ರಾಗಾಲೋಚನೆಯನ್ನು ನುಡಿಸುತ್ತದೆ. ಅದಕ್ಕೆ ಇಂತಿಷ್ಟು ಎಣಿಕೆಯ ಒಂದು ಸುತ್ತು. ಆಮೇಲೆ ಅದೇ ಸುತ್ತು ಮತ್ತೆ ಮತ್ತೆ ಬರುತ್ತಿರುತ್ತದೆ. ಅದರ ಮೇಲೆ ಒಬ್ಬೊಬ್ಬರಾಗಿ ಮನೋಧರ್ಮದಿಂದ ನುಡಿಸುತ್ತಾರೆ. ಕೊನೆಗೆ ಎಲ್ಲರೂ ಮೊದಲಿನ ಆಲೋಚನೆಗೆ ಮರಳುತ್ತಾರೆ. ಪಲ್ಲವಿ, ಕಲ್ಪನಾಸ್ವರ, ಮತ್ತೆ ಪಲ್ಲವಿ ಎಂಬ ಕ್ರಮ ಬಲ್ಲ ನಮ್ಮ ಶ್ರೋತೃಗಳಿಗೆ ಇದು ತೀರಾ ಅಪರಿಚಿತವಲ್ಲ. ವ್ಯತ್ಯಾಸ ಇರುವುದು ಪಕ್ಕವಾದ್ಯದವರ ಪಾತ್ರದಲ್ಲಿ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರ ನೆರಳಿನಂತೆ ಹೋಗುತ್ತದೆ. ಜಾಜ್‌ನಲ್ಲಿ ಪಿಯಾನೋ ನುಡಿಸುವವನು ಮುಖ್ಯ ವಾದಕನ ಸ್ವರಗಳನ್ನು ಅನುಸರಿಸುವುದಿಲ್ಲ. ಅವನ ಕಾಲಡಿಗೆ ನೆಲ ಹಾಸುತ್ತಾನೆ. ಕೆಲವೊಮ್ಮೆ ಬೇಕೆಂದೇ ನೆಲವನ್ನು ಸ್ವಲ್ಪ ಓರೆ ಮಾಡುತ್ತಾನೆ.

1940ರ ದಶಕದಲ್ಲಿ ಬಂದ ‘ಬೀಬಾಪ್’ ಶೈಲಿಯಲ್ಲಿ ಈ ನೆಲ ಬಹಳ ಬೇಗ ಬೇಗ ಬದಲಾಗುತ್ತಿತ್ತು. ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಹುಟ್ಟುವ ಸ್ವರಗುಚ್ಛಕ್ಕೆ ‘ಕಾರ್ಡ್’ ಎನ್ನುತ್ತಾರೆ. ಎರಡೆರಡು ಎಣಿಕೆಗೆ ಒಂದು ಕಾರ್ಡ್ ಬದಲಾದರೆ, ನುಡಿಸುವವನು ಪ್ರತಿಯೊಂದಕ್ಕೂ ಹೊಂದುವ ಸ್ವರಗಳನ್ನು ಹೆಕ್ಕುತ್ತಾ ಓಡಬೇಕು. ಘಾಟಿಯ ತಿರುವುಗಳಲ್ಲಿ ವೇಗವಾಗಿ ವಾಹನ ಓಡಿಸುವ ಕೆಲಸ ಅದು. ಕೌಶಲ ಮೆರೆಯಲು ಅವಕಾಶವಿದ್ದರೂ ಒಂದೆಡೆ ನಿಂತು ಯೋಚಿಸಲು ಸಮಯವಿರಲಿಲ್ಲ.

ಡೇವಿಸ್‌ಗೆ ಈ ಓಟ ಸಾಕೆನಿಸಿತ್ತು. ಕಾರ್ಡುಗಳ ಸಾಲನ್ನು ಬಿಟ್ಟು ಒಂದೇ ಸ್ವರಶ್ರೇಣಿಯ ಮೇಲೆ ಬಹಳ ಹೊತ್ತು ನಿಂತರೆ ಏನಾಗುತ್ತದೆ ಎಂದು ಅವನು 1958ರ ‘ಮೈಲ್‌ಸ್ಟೋನ್ಸ್’ ಕೃತಿಯಲ್ಲೇ ಪರೀಕ್ಷಿಸಿದ್ದ. ‘ಕೈಂಡ್ ಆಫ್ ಬ್ಲೂ’ ಆ ಯೋಚನೆಯ ಪೂರ್ಣರೂಪ. ಅದರ ಮೊದಲ ಕೃತಿ ‘ಸೋ ವಾಟ್’ ನೋಡಿ. ನಾಲ್ಕು ನಾಲ್ಕು ಎಣಿಕೆಯ 32 ತುಂಡುಗಳು ಸೇರಿ ಅದರ ಒಂದು ಸುತ್ತು. ಮೊದಲ 16 ತುಂಡುಗಳಿಗೆ ಒಂದೇ ಸ್ವರಶ್ರೇಣಿ. ಮುಂದಿನ 8ಕ್ಕೆ ಅದೇ ಶ್ರೇಣಿ ಅರ್ಧ ಸ್ವರದಷ್ಟು ಮೇಲೇರುತ್ತದೆ. ಕೊನೆಯ 8ಕ್ಕೆ ಮತ್ತೆ ಕೆಳಗಿಳಿಯುತ್ತದೆ. ಇಷ್ಟೇ.

ಪಾಶ್ಚಾತ್ಯರು ಆ ಶ್ರೇಣಿಯನ್ನು ‘ಡೋರಿಯನ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ಹೊಸದಲ್ಲ. ಹಾರ್ಮೋನಿಯಂನ ಬಿಳಿ ಮನೆಗಳನ್ನು ‘ಸಿ’ಯಿಂದ ನುಡಿಸಿದರೆ ಶಂಕರಾಭರಣ, ಅದೇ ಬಿಳಿ ಮನೆಗಳನ್ನು ರಿಷಭವನ್ನೇ ಷಡ್ಜ ಮಾಡಿಕೊಂಡು ನುಡಿಸಿದರೆ 22ನೇ ಮೇಳವಾದ ಖರಹರಪ್ರಿಯ. ಹಿಂದೂಸ್ತಾನಿಯವರಿಗೆ ಕಾಫಿ ಥಾಟ್. ಡೋರಿಯನ್‌ನ ಸ್ವರಸ್ಥಾನಗಳೂ ಇವೇ. ಹಾಗೆಂದು ಡೇವಿಸ್ ಖರಹರಪ್ರಿಯ ನುಡಿಸಿದ ಎನ್ನುವಂತಿಲ್ಲ. ಗಮಕವಿಲ್ಲ, ರಾಗಸಂಚಾರವಿಲ್ಲ. ತಂಬೂರಿಯ ಶ್ರುತಿಯೇ ಇದ್ದಕ್ಕಿದ್ದಂತೆ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುವುದನ್ನು ನಮ್ಮ ಕಛೇರಿಯಲ್ಲಿ ಊಹಿಸುವುದೂ ಕಷ್ಟ. ಆದರೆ ಒಂದೇ ಶ್ರೇಣಿಯಲ್ಲಿ ನಿಧಾನವಾಗಿ ಕೂತು ಅದರ ಮೂಲೆಮೂಲೆ ಹುಡುಕುವ ಸುಖ ಎರಡಕ್ಕೂ ಸಮಾನ.

ಧ್ವನಿಮುದ್ರಣ ನಡೆದದ್ದು ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ. ಅದು ಹಳೆಯ ಇಗರ್ಜಿಯೊಂದರ ಕಟ್ಟಡ; ಎತ್ತರದ ಛಾವಣಿಯಿಂದಾಗಿ ನಾದಕ್ಕೆ ವಿಶೇಷ ಗುಂಗು ಬರುತ್ತಿತ್ತು. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದ ಕೆಲಸ. ಟ್ರಂಪೆಟ್‌ಗೆ ಡೇವಿಸ್, ಟೆನರ್ ಸ್ಯಾಕ್ಸಫೋನ್‌ಗೆ ಜಾನ್ ಕಾಲ್ಟ್ರೇನ್, ಆಲ್ಟೋ ಸ್ಯಾಕ್ಸಫೋನ್‌ಗೆ ‘ಕ್ಯಾನನ್‌ಬಾಲ್’ ಎಂದೇ ಹೆಸರಾದ ಜೂಲಿಯನ್ ಆಡರ್ಲಿ, ಬಾಸ್‌ಗೆ ಪಾಲ್ ಚೇಂಬರ್ಸ್, ಡ್ರಮ್ಸ್‌ಗೆ ಜಿಮ್ಮಿ ಕಾಬ್, ಪಿಯಾನೋಗೆ ಬಿಲ್ ಇವಾನ್ಸ್. ಏಳನೆಯವನು ಇನ್ನೊಬ್ಬ ಪಿಯಾನೋ ವಾದಕ ವಿಂಟನ್ ಕೆಲಿ. ಎಲ್ಲರೂ ಇಪ್ಪತ್ತು ಮೂವತ್ತರ ಪ್ರಾಯದವರು. ಚೇಂಬರ್ಸ್‌ಗಂತೂ ಆಗ 23 ವರ್ಷ.

ಡೇವಿಸ್ ಪೂರ್ತಿ ಬರೆದ ಸಂಗೀತವನ್ನು ತಂದಿರಲಿಲ್ಲ. ಕೆಲವೇ ಗಂಟೆಗಳ ಮೊದಲು ಹಾಕಿಕೊಂಡ ರೇಖೆಗಳನ್ನಷ್ಟೇ ತಂದಿದ್ದನೆಂದು ಮುದ್ರಿಕೆಯ ಹೊದಿಕೆಯ ಮೇಲಿನ ಟಿಪ್ಪಣಿಯಲ್ಲಿ ಇವಾನ್ಸ್ ಬರೆದಿದ್ದಾನೆ. ತೆಳು ಕಾಗದದ ಮೇಲೆ ಕುಂಚ ಎತ್ತದೆ, ತಿದ್ದದೆ ಚಿತ್ರ ಬರೆಯುವ ಜಪಾನಿ ಕಲೆಗೆ ಅವನು ಇದನ್ನು ಹೋಲಿಸುತ್ತಾನೆ. ಆದರೆ ಚಿತ್ರಕಾರ ಒಬ್ಬನೇ. ಇಲ್ಲಿ ಒಂದೇ ಕಾಗದದ ಮೇಲೆ ಹಲವು ಕೈಗಳು ಒಟ್ಟಿಗೆ ಆಡಬೇಕು.

‘ಸೋ ವಾಟ್’ನಲ್ಲಿ ಆ ಕೈಗಳ ಹೊಂದಾಣಿಕೆ ಸುಲಭವಾಗಿ ತಿಳಿಯುತ್ತದೆ. ಪಿಯಾನೋ ಮತ್ತು ಬಾಸ್‌ಗಳ ಮೆಲುದನಿಯ ಪೀಠಿಕೆ ಮುಗಿದ ಮೇಲೆ ಮುಖ್ಯ ಮಾತನ್ನು ಆಡುವವನು ಡೇವಿಸ್ ಅಲ್ಲ, ಚೇಂಬರ್ಸ್. ಸಾಮಾನ್ಯವಾಗಿ ಹಿಂದೆ ನಿಲ್ಲುವ ಬಾಸ್ ಇಲ್ಲಿ ಪ್ರಶ್ನೆ ಕೇಳುತ್ತದೆ. ಉಳಿದವರು ಎರಡೇ ಹೊಡೆತಗಳಲ್ಲಿ ಉತ್ತರ ಕೊಡುತ್ತಾರೆ. ಆಮೇಲೆ ಡೇವಿಸ್‌ನ ಸರದಿ. ಅವನು ಶುರುಮಾಡುವ ಹೊತ್ತಿಗೆ ಕಾಬ್ ಕಂಚಿನ ತಟ್ಟೆಗೆ ಒಂದು ಪೆಟ್ಟು ಕೊಡುತ್ತಾನೆ. ಆ ಪೆಟ್ಟಿನ ಗುಂಗು ಕರಗುತ್ತಿರುವಂತೆಯೇ ಟ್ರಂಪೆಟ್ ಮುಂದೆ ಹೋಗುತ್ತದೆ. ಬಾಗಿಲು ತೆರೆದವನು ಒಬ್ಬ, ಒಳಗೆ ನಡೆದವನು ಇನ್ನೊಬ್ಬ.

ಡೇವಿಸ್, ಕಾಲ್ಟ್ರೇನ್, ಆಡರ್ಲಿ ಮೂವರಿಗೂ ಎರಡೆರಡು ಸುತ್ತು. ಸ್ವರಗಳು ಅವೇ, ಎಣಿಕೆ ಅದೇ. ಆದರೆ ಡೇವಿಸ್ ಕಡಿಮೆ ಸ್ವರಗಳಲ್ಲಿ, ನಡುನಡುವೆ ಮೌನ ಬಿಟ್ಟು ಮಾತಾಡುತ್ತಾನೆ. ಕಾಲ್ಟ್ರೇನ್ ಒಂದೇ ವಿಷಯವನ್ನು ಹಿಡಿದು ಹತ್ತು ಕಡೆಯಿಂದ ಕೆದಕುತ್ತಾನೆ. ಆಡರ್ಲಿಯದು ನಗುನಗುತ್ತಾ ಹರಟುವ ದಾಟಿ. ಇವಾನ್ಸ್‌ನ ಸರದಿ ಬಂದಾಗ ಪಾತ್ರಗಳೇ ಅದಲುಬದಲು: ಮುಂದೆ ನಿಂತಿದ್ದ ಟ್ರಂಪೆಟ್, ಸ್ಯಾಕ್ಸಫೋನ್‌ಗಳು ಹಿಂದೆ ಸರಿದು, ಮೊದಲಿನ ಆ ಎರಡು ಹೊಡೆತಗಳನ್ನು ಅವನಿಗೆ ಆಸರೆಯಾಗಿ ಕೊಡುತ್ತವೆ. ‘ಆಲ್ ಬ್ಲೂಸ್’ ಎಂಬ ಕೃತಿಯಲ್ಲಂತೂ ಚೇಂಬರ್ಸ್ ಬಹುಮಟ್ಟಿಗೆ ಒಂದೇ ಚಿಕ್ಕ ತುಣುಕನ್ನು ಹನ್ನೊಂದು ನಿಮಿಷ ಬಿಡದೆ ನುಡಿಸುತ್ತಾನೆ. ಉಳಿದವರು ನಿಶ್ಚಿಂತೆಯಿಂದ ಅಲೆದಾಡಲು ಸಾಧ್ಯವಾದದ್ದು ಅವನು ಅಲುಗದೆ ನಿಂತದ್ದರಿಂದ.

ಇಬ್ಬರು ಪಿಯಾನೋ ವಾದಕರೇಕೆ? ಇವಾನ್ಸ್ 1958ರ ಕೊನೆಗೆ ತಂಡ ಬಿಟ್ಟಿದ್ದ. ಆಗ ತಂಡದ ಕಾಯಂ ಪಿಯಾನೋ ವಾದಕ ಕೆಲಿ. ಆದರೂ ಈ ಕೆಲಸಕ್ಕೆ ಇವಾನ್ಸ್‌ನ ಮೆದು ಸ್ಪರ್ಶವೇ ಬೇಕೆಂದು ಡೇವಿಸ್ ಅವನನ್ನು ಮರಳಿ ಕರೆಸಿದ. ಸ್ಟುಡಿಯೋಗೆ ಬಂದ ಕೆಲಿಗೆ ತನ್ನ ಜಾಗದಲ್ಲಿ ಇನ್ನೊಬ್ಬ ಕೂತಿದ್ದನ್ನು ಕಂಡು ಕಸಿವಿಸಿಯಾಯಿತು. ಆದರೆ ‘ಫ್ರೆಡ್ಡಿ ಫ್ರೀಲೋಡರ್’ ಎಂಬ ಬ್ಲೂಸ್ ಕೃತಿಗೆ ಕೆಲಿಯ ಕುಣಿಯುವ ಬೆರಳುಗಳೇ ಸರಿ ಎಂಬುದು ಡೇವಿಸ್‌ಗೆ ಗೊತ್ತಿತ್ತು. ಅದರಲ್ಲಿ ಎಲ್ಲರಿಗಿಂತ ಮೊದಲ ಸರದಿ ಕೊಟ್ಟದ್ದೂ ಕೆಲಿಗೇ. ನಾಯಕನಾಗಿ ಡೇವಿಸ್‌ನ ದೊಡ್ಡಗುಣ ಇದು. ಯಾರನ್ನು ಯಾವಾಗ ಕರೆಯಬೇಕು, ಯಾವಾಗ ಸುಮ್ಮನಿರಬೇಕು ಎರಡೂ ಅವನಿಗೆ ತಿಳಿದಿತ್ತು.

ಕೊನೆಯ ಕೃತಿ ‘ಫ್ಲಮೆಂಕೋ ಸ್ಕೆಚಸ್’ ಇನ್ನೂ ಸೂಕ್ಷ್ಮ. ಇದಕ್ಕೆ ಬರೆದಿಟ್ಟ ರಾಗವೇ ಇಲ್ಲ. ಇರುವುದು ಐದು ಸ್ವರಶ್ರೇಣಿಗಳ ಸಾಲು ಮಾತ್ರ. ಪ್ರತಿ ಶ್ರೇಣಿಯಲ್ಲಿ ಎಷ್ಟು ಹೊತ್ತು ಇರಬೇಕೆಂಬುದು ನುಡಿಸುವವನ ಇಷ್ಟ. ಅವನು ಮುಂದಿನ ಶ್ರೇಣಿಗೆ ಕಾಲಿಡುವ ಗಳಿಗೆಯನ್ನು ಪಿಯಾನೋ ಮತ್ತು ಬಾಸ್‌ನವರು ಕಿವಿಯಿಂದಲೇ ಹಿಡಿಯಬೇಕು. ಅರ್ಧ ಕ್ಷಣ ತಪ್ಪಿದರೂ ಅಪಸ್ವರ.

ಎಲ್ಲವೂ ಒಂದೇ ಸಲಕ್ಕೆ ಸರಿಬಂತು ಎಂಬ ಕಥೆ ಪ್ರಚಾರದಲ್ಲಿದೆ. ಅದು ಪೂರ್ತಿ ನಿಜವಲ್ಲ. ಶುರುಮಾಡಿ ನಿಲ್ಲಿಸಿದ್ದು, ಮತ್ತೆ ಎತ್ತಿಕೊಂಡದ್ದು ಉಂಟು. ಆದರೆ ನಾಲ್ಕು ಕೃತಿಗಳಲ್ಲಿ ಕೊನೆಯವರೆಗೆ ನುಡಿಸಿದ ಮೊದಲ ಪ್ರಯತ್ನವೇ ಮುದ್ರಿಕೆಗೆ ಹೋಯಿತು. ‘ಫ್ಲಮೆಂಕೋ ಸ್ಕೆಚಸ್’ ಮಾತ್ರ ಎರಡು ಸಲ ಪೂರ್ಣವಾಯಿತು. ಯಂತ್ರವೂ ಒಂದು ಚೇಷ್ಟೆ ಮಾಡಿತ್ತು. ಮಾರ್ಚ್ 2ರಂದು ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿದ್ದರಿಂದ, ಮುದ್ರಿಕೆಯ ಮೊದಲ ಬದಿಯ ಮೂರು ಕೃತಿಗಳು ನಿಜವಾದ ಶ್ರುತಿಗಿಂತ ತುಸು ಮೇಲೆ ಕೇಳಿಸುತ್ತಿದ್ದವು. ಜೊತೆಗಿರಿಸಿದ್ದ ಎರಡನೇ ಯಂತ್ರದ ಟೇಪ್ ಬಳಸಿ ಇದನ್ನು ಸರಿಪಡಿಸಿದ್ದು 1992ರಲ್ಲಿ. ಅಲ್ಲಿಯವರೆಗೆ ಲೋಕವೆಲ್ಲ ಮೆಚ್ಚಿ ಕೇಳಿದ್ದು ಶ್ರುತಿ ಏರಿದ ಸಂಗೀತವನ್ನೇ!

ಇನ್ನು ಲೆಕ್ಕಪತ್ರದ ಮಾತು. ಮೊದಲ ಮುದ್ರಣದಲ್ಲಿ ಐದೂ ಕೃತಿಗಳ ಕರ್ತೃವೆಂದು ಇದ್ದದ್ದು ಡೇವಿಸ್‌ನ ಹೆಸರು. ಆದರೆ ‘ಬ್ಲೂ ಇನ್ ಗ್ರೀನ್’ ತನ್ನದೆಂದು ಇವಾನ್ಸ್ ಮುಂದೆ ಹೇಳಿದ. ‘ಫ್ಲಮೆಂಕೋ ಸ್ಕೆಚಸ್’ನ ಆರಂಭವಂತೂ ಅವನೇ 1958ರಲ್ಲಿ ನುಡಿಸಿದ ‘ಪೀಸ್ ಪೀಸ್’ನಿಂದ ಬಂದದ್ದು, ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಯಾರಿಗೂ ತಿಳಿಯುತ್ತದೆ. ಕರ್ತೃತ್ವವೆಂದರೆ ಕೇವಲ ಗೌರವದ ಪ್ರಶ್ನೆಯಲ್ಲ. ಮುದ್ರಿಕೆ ಮಾರಾಟವಾದಷ್ಟು ಕಾಲ ಹಣ ಹೋಗುವುದು ಕರ್ತೃವೆಂದು ಹೆಸರಿದ್ದವನಿಗೆ. ಅಮೆರಿಕದಲ್ಲಿ ಇದು 50 ಲಕ್ಷ ಪ್ರತಿಗಳ ಗಡಿ ಮುಟ್ಟಿದ್ದನ್ನು ಅಲ್ಲಿನ ಧ್ವನಿಮುದ್ರಣ ಉದ್ಯಮದ ಸಂಘ 2019ರಲ್ಲಿ ದೃಢೀಕರಿಸಿತು. ತಟ್ಟೆಗೆ ಆ ಪೆಟ್ಟು ಕೊಟ್ಟವನ ಕೆಲಸಕ್ಕೆ, ಹನ್ನೊಂದು ನಿಮಿಷ ಅಲುಗದೆ ನಿಂತವನ ಕೆಲಸಕ್ಕೆ ಕರ್ತೃತ್ವದ ಕಾಲಂನಲ್ಲಿ ಜಾಗವೇ ಇಲ್ಲ.

ಹಾಗೆಂದು ಡೇವಿಸ್‌ನನ್ನು ಉಂಡಾಡಿ ಯಜಮಾನನಂತೆ ಕಾಣುವುದೂ ಸರಿಯಲ್ಲ. ತಂಡದಲ್ಲಿ ಬಿಳಿಯನೆಂದರೆ ಇವಾನ್ಸ್ ಒಬ್ಬನೇ. ಕರಿಯರ ತಂಡದಲ್ಲಿ ಬಿಳಿಯನಿಗೇಕೆ ಜಾಗವೆಂದು ಕೆಲವು ಕೇಳುಗರು ಗೊಣಗಿದಾಗ ಡೇವಿಸ್ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ನುಡಿಸಾಣಿಕೆ, ಬಣ್ಣವಲ್ಲ. ಹೊರಗಿನ ಲೋಕ ಅವನನ್ನು ಹಾಗೆ ನೋಡಲಿಲ್ಲ. ಮುದ್ರಿಕೆ ಹೊರಬಂದ ಎಂಟೇ ದಿನಕ್ಕೆ, 1959ರ ಆಗಸ್ಟ್ 25ರ ರಾತ್ರಿ, ನ್ಯೂಯಾರ್ಕಿನ ‘ಬರ್ಡ್‌ಲ್ಯಾಂಡ್’ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಡೇವಿಸ್ ಬಿಡುವಿನಲ್ಲಿ ಹೊರಗೆ ಬಂದ. ಬಿಳಿಯ ಮಹಿಳೆಯೊಬ್ಬರನ್ನು ಟ್ಯಾಕ್ಸಿ ಹತ್ತಿಸಿ ಬಾಗಿಲ ಬಳಿ ನಿಂತಿದ್ದ. ಅಲ್ಲಿಂದ ತೊಲಗೆಂದ ಪೊಲೀಸನಿಗೆ ಕ್ಲಬ್ಬಿನ ಫಲಕದ ಮೇಲಿದ್ದ ತನ್ನ ಹೆಸರನ್ನೇ ತೋರಿಸಿದ. ಆದರೂ ತಲೆಗೆ ಪೆಟ್ಟು ಬಿತ್ತು, ರಕ್ತ ಸುರಿಯಿತು, ಬಂಧನವೂ ಆಯಿತು. ಮೊಕದ್ದಮೆ ಮುಂದೆ ಬಿದ್ದುಹೋಯಿತು. ಅದೇ ದೇಶದ ಪ್ರತಿನಿಧಿ ಸಭೆ ಐವತ್ತು ವರ್ಷಗಳ ನಂತರ, 2009ರಲ್ಲಿ, ಈ ಮುದ್ರಿಕೆಯನ್ನು ಗೌರವಿಸುವ ನಿರ್ಣಯವನ್ನು 409–0 ಮತಗಳಿಂದ ಅಂಗೀಕರಿಸಿತು.

ಈ ತಂಡ ಹೆಚ್ಚು ಕಾಲ ಒಟ್ಟಿಗೆ ಉಳಿಯಲಿಲ್ಲ. ಎರಡನೇ ದಿನದ ಕೆಲಸ ಮುಗಿದು ಎರಡು ವಾರವಾಗುವಷ್ಟರಲ್ಲಿ ಕಾಲ್ಟ್ರೇನ್ ತನ್ನದೇ ‘ಜಯಂಟ್ ಸ್ಟೆಪ್ಸ್’ ಮುದ್ರಿಕೆಗೆ ಕೂತ. ಅದು ಕಾರ್ಡುಗಳು ಉಸಿರು ಬಿಡಲೂ ಬಿಡದ ತೀವ್ರ ಓಟ. ಅವನು 1967ರಲ್ಲಿ ತೀರಿಕೊಂಡ. ಚೇಂಬರ್ಸ್ 1969ರಲ್ಲಿ, ಕೇವಲ 33ನೇ ವಯಸ್ಸಿಗೆ. ಕೆಲಿ 1971ರಲ್ಲಿ, ಆಡರ್ಲಿ 1975ರಲ್ಲಿ, ಇವಾನ್ಸ್ 1980ರಲ್ಲಿ, ಡೇವಿಸ್ 1991ರಲ್ಲಿ. ಕೊನೆಯವನಾಗಿ ಉಳಿದ ಕಾಬ್ 2020ರ ಮೇ 24ರಂದು, 91ನೇ ವಯಸ್ಸಿನಲ್ಲಿ ನಿಧನನಾದ.

ಅದೇ 1959ರ ಮೇ ತಿಂಗಳಲ್ಲಿ, ಅದೇ 30ನೇ ಬೀದಿಯ ಸ್ಟುಡಿಯೋದಲ್ಲಿ ಚಾರ್ಲ್ಸ್ ಮಿಂಗಸ್‌ನ ತಂಡ ‘ಮಿಂಗಸ್ ಆ ಉಮ್’ ಮುದ್ರಿಸಿತು. ಅದರಲ್ಲಿ ನುಡಿಸಿದ ಸ್ಯಾಕ್ಸಫೋನ್ ವಾದಕರಲ್ಲಿ ಜಾನ್ ಹ್ಯಾಂಡಿ ಒಬ್ಬ. ಇದೇ ಹ್ಯಾಂಡಿ 1980ರ ಬೊಂಬಾಯಿ ಜಾಜ್ ಉತ್ಸವದಲ್ಲಿ ನಮ್ಮ ಕದ್ರಿ ಗೋಪಾಲನಾಥರ ಸ್ಯಾಕ್ಸಫೋನ್ ಕೇಳಿ, ತಾನೂ ಅವರೊಂದಿಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಏರಿದ. ಇಬ್ಬರ ಸಂಪ್ರದಾಯಗಳೂ ಬೇರೆ ಬೇರೆ. ಇಬ್ಬರ ನಡುವೆ ಕೆಲಸ ಮಾಡಿದ್ದು ಮನೋಧರ್ಮ ಮತ್ತು ಎದುರಿನವರನ್ನು ಕೇಳುವ ಕಿವಿ.

‘ಕೈಂಡ್ ಆಫ್ ಬ್ಲೂ’ ಕೇಳಬೇಕೆನಿಸಿದವರಿಗೆ ಒಂದು ಸಲಹೆ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಟ್ರಂಪೆಟ್ಟನ್ನು ಬಿಟ್ಟು ಬಾಸ್ ಒಂದನ್ನೇ ಹಿಂಬಾಲಿಸಿ. ಮೂರನೇ ಸಲ ಪಿಯಾನೋ ಎಲ್ಲಿ ಬಾಯಿಬಿಡುತ್ತದೆ, ಎಲ್ಲಿ ತಡೆದುಕೊಳ್ಳುತ್ತದೆ ಗಮನಿಸಿ. ಆಮೇಲೆ ‘ಫ್ಲಮೆಂಕೋ ಸ್ಕೆಚಸ್’ಗೆ ಬಂದು, ಒಂದು ಶ್ರೇಣಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆಗಾಗಿ ಕಾಯಿರಿ. ಮುಂದಿರುವವನು ಹೊರಟ ಕ್ಷಣಕ್ಕೇ ಹಿಂದಿರುವವರೂ ಹೆಜ್ಜೆ ಎತ್ತಿರುತ್ತಾರೆ. ಅದನ್ನು ಮೊದಲ ಬಾರಿ ಹಿಡಿದಾಗ ಆಗುವ ಖುಷಿಗೆ ಯಾವ ಶಾಸ್ತ್ರಜ್ಞಾನವೂ ಬೇಕಿಲ್ಲ.