ಒಂದು ಲಕ್ಷ ಫ್ರಾಂಕಿನ ಹೆದರಿಕೆ

1835ರ ಸೆಪ್ಟೆಂಬರ್ 9ರಂದು ಫ್ರಾನ್ಸಿನಲ್ಲಿ ಒಂದು ಕಾಯಿದೆ ಬಂತು. ಸರ್ಕಾರದ ಅಪ್ಪಣೆಯಿಲ್ಲದೆ ಯಾವ ಚಿತ್ರವನ್ನೂ ಅಚ್ಚು ಹಾಕುವಂತಿಲ್ಲ, ಅಂಗಡಿಯಲ್ಲಿ ತೂಗುಹಾಕುವಂತಿಲ್ಲ, ಮಾರುವಂತಿಲ್ಲ. ಸರಿಯಾಗಿ ಆರು ದಿನ ಕಳೆದು, ಸೆಪ್ಟೆಂಬರ್ 15ಕ್ಕೆ, ಕಂಪನಿ ಸರ್ಕಾರದ ಭಾರತದಲ್ಲಿ ಹಂಗಾಮಿ ಗವರ್ನರ್ ಜನರಲ್ ಚಾರ್ಲ್ಸ್ ಮೆಟ್ಕಾಫ್‌ನ ಪತ್ರಿಕಾ ಕಾಯಿದೆ ಜಾರಿಯಾಯಿತು. ಅದರ ಪ್ರಕಾರ ಮುದ್ರಕನ ಹೆಸರು, ಅಚ್ಚುಕೂಟದ ಠಿಕಾಣಿ ಬರೆದುಕೊಟ್ಟರೆ ಮುಗಿಯಿತು, ಲೈಸನ್ಸ್ ಬೇಕಿಲ್ಲ. ನಮ್ಮ ಹಾನಗಲ್ಲಿನ ರೈತನಿಗೆ ಪ್ಯಾರಿಸ್ಸಿನ ನಾಗರಿಕನಿಗಿಂತ ಹೆಚ್ಚಿನ ಮುದ್ರಣ ಸ್ವಾತಂತ್ರ್ಯ! ಅಚ್ಚು ಹಾಕಲು ಆಗ ಕನ್ನಡದಲ್ಲಿ ಒಂದು ಪತ್ರಿಕೆಯೂ ಇರಲಿಲ್ಲ ಎಂಬುದು ಬೇರೆ ಮಾತು. ಆದರೂ ಆ ಆರು ದಿನಗಳ ಲೆಕ್ಕ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ.

ಫ್ರಾನ್ಸಿನ ದೊರೆ ಲೂಯಿ ಫಿಲಿಪ್‌ನನ್ನು ಇಷ್ಟು ಹೆದರಿಸಿದ್ದು ಏನು? ಹಾಳೆಯಗಲದ ಚಿತ್ರಗಳು. 1831ರಲ್ಲಿ ಒನೊರೆ ದೋಮಿಯೆ ಎಂಬ 23ರ ಹುಡುಗ ಒಂದು ಚಿತ್ರ ಬರೆದ. ದೈತ್ಯಾಕಾರದ ದೊರೆ ಕುರ್ಚಿಯಲ್ಲಿ ಕೂತಿದ್ದಾನೆ. ಅವನ ಬಾಯಿಗೆ ಒಂದು ಉದ್ದನೆಯ ಹಲಗೆ ತಾಗಿಸಿದೆ. ಬಡವರಿಂದ ಕಿತ್ತ ನಾಣ್ಯಗಳ ಬುಟ್ಟಿ ಹೊತ್ತು ಆಳುಗಳು ಹಲಗೆ ಏರುತ್ತಿದ್ದಾರೆ, ಕುರ್ಚಿಯ ಕೆಳಗಿನಿಂದ ಬಿರುದು, ಪದಕ, ನೇಮಕದ ಕಾಗದಗಳು ಉದುರುತ್ತಿವೆ. ಆ ಒಂದು ಹಾಳೆಗೆ ಬಿದ್ದ ಬೆಲೆ 6 ತಿಂಗಳ ಜೈಲು, 500 ಫ್ರಾಂಕ್ ದಂಡ. ಅವನ ಸಂಪಾದಕ ಶಾರ್ಲ್ ಫಿಲಿಪೊನ್ ಅದಕ್ಕೆ ಮೊದಲೇ ಕೋರ್ಟಿನಲ್ಲಿ ನಿಂತು, ದೊರೆಯ ಮುಖ ನಾಲ್ಕೇ ಹಂತದಲ್ಲಿ ಪಿಯರ್ ಹಣ್ಣಾಗುವುದನ್ನು ಬರೆದು ತೋರಿಸಿದ್ದ. ಅವನಿಗೆ 6 ತಿಂಗಳ ಸಜೆ, 2,000 ಫ್ರಾಂಕ್ ದಂಡ. ಅವನ ದಿನಪತ್ರಿಕೆ 'ಲ ಶಾರಿವಾರಿ'ಗೆ 6,000 ಫ್ರಾಂಕ್ ದಂಡ ಬಿದ್ದಾಗ ಅದೇ ಹಣ್ಣಿನ ಚಿತ್ರವನ್ನು ಮಾರಿ ದಂಡದ ದುಡ್ಡು ಕೂಡಿಸಲು ಹೊರಟರು. 1834ರ ಫೆಬ್ರವರಿ 27ರಂದು ಕೋರ್ಟಿನ ತೀರ್ಪನ್ನೇ ಅಚ್ಚುಮೊಳೆಗಳಲ್ಲಿ ಹಣ್ಣಿನ ಆಕಾರಕ್ಕೆ ಜೋಡಿಸಿ ಮುಖಪುಟಕ್ಕೆ ಹಾಕಿದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ರ್ಯೂ ಟ್ರಾನ್ಸ್‌ನೊನೆ ಬೀದಿಯ ಒಂದು ಮನೆಗೆ ಸೈನಿಕರು ನುಗ್ಗಿ 12 ಜನರನ್ನು ಕೊಂದರು. ದೋಮಿಯೆಯ ಚಿತ್ರದಲ್ಲಿ ಹಾಸಿಗೆಗೆ ಒರಗಿ ಬಿದ್ದ ಗಂಡಸು, ರಾತ್ರಿಯ ಉಡುಪಿನಲ್ಲೇ ಇದ್ದಾನೆ. ಅವನ ದೇಹದ ಅಡಿಗೆ ಸಿಕ್ಕಿಕೊಂಡ ಒಂದು ಮಗು. ಗೇಲಿಯ ಗೆರೆ ಒಂದೂ ಇಲ್ಲ. ಪೊಲೀಸರು ಸಿಕ್ಕ ಪ್ರತಿಗಳ ಜೊತೆಗೆ ಅಚ್ಚು ಹಾಕಲು ಚಿತ್ರ ಬರೆದ ಕಲ್ಲನ್ನೂ ಹೊತ್ತೊಯ್ದರು.

ಮರುವರ್ಷ ಜುಲೈ 28ರಂದು ದೊರೆಯ ಮೇಲೆ 25 ಬಂದೂಕಿನ ನಳಿಗೆ ಕಟ್ಟಿದ ಯಂತ್ರದಿಂದ ಗುಂಡು ಹಾರಿತು. 18 ಜನ ಸತ್ತರು, ದೊರೆ ಉಳಿದ. ಸೆಪ್ಟೆಂಬರಿನ ಕಾಯಿದೆಗೆ ಅದು ನೆಪವಾಯಿತು. ಸೆನ್ಸಾರ್ ಇನ್ನೆಂದೂ ಬರುವುದಿಲ್ಲ ಎಂದು 1830ರ ಸಂವಿಧಾನವೇ ಮಾತು ಕೊಟ್ಟಿತ್ತು. ಸರ್ಕಾರದ ವಾದ ಏನೆಂದರೆ, ಬರಹ ಬರೀ ಅಭಿಪ್ರಾಯ, ಚಿತ್ರ ಹಾಗಲ್ಲ, ಅದು ಕೃತ್ಯ. ಇದರ ಜೊತೆಗೆ ಪ್ಯಾರಿಸ್ಸಿನ ದಿನಪತ್ರಿಕೆ ಇಡಬೇಕಾದ ಜಾಮೀನು 48,000 ಫ್ರಾಂಕಿನಿಂದ 1,00,000ಕ್ಕೆ ಏರಿತು. ಕೂಲಿಕಾರನ ದಿನಗೂಲಿ ಮೂರೂವರೆ ಫ್ರಾಂಕ್ ಎಂದು ಹಿಡಿದರೆ, ಒಂದು ದಿನವೂ ಬಿಡದೆ, ಒಂದು ಕಾಸೂ ತಿನ್ನದೆ 78 ವರ್ಷ ದುಡಿಯಬೇಕು. ರಾಜಕೀಯಕ್ಕೆ ಬಾಗಿಲು ಬಿದ್ದ ಮೇಲೆ ದೋಮಿಯೆ ವಂಚಕ ವ್ಯಾಪಾರಿಗಳನ್ನು, ವಕೀಲರನ್ನು ಬರೆದ. ಸುಮಾರು 40 ವರ್ಷಗಳಲ್ಲಿ ಹತ್ತಿರ ಹತ್ತಿರ 4,000 ಕಲ್ಲಚ್ಚಿನ ಚಿತ್ರ, ಎಂದರೆ ನಾಲ್ಕು ದಿನಕ್ಕೊಂದು! ಪ್ರತಿಯೊಂದನ್ನೂ ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಕನ್ನಡಿಯೊಳಗಿನಂತೆ ಎಡಬಲ ತಿರುವಿ ಬರೆಯಬೇಕು.

ಕನ್ನಡದ ಮೊದಲ ಪತ್ರಿಕೆಯೂ ಹುಟ್ಟಿದ್ದು ಇಂಥದೇ ಕಲ್ಲಿನ ಮೇಲೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ತೆಗೆದ.

ಆಮೇಲೆ ಎರಡು ದೇಶಗಳ ದಾರಿ ಅದಲುಬದಲಾಯಿತು. 1878ರ ಮಾರ್ಚ್ 14ರಂದು ವೈಸರಾಯ್ ಲಾರ್ಡ್ ಲಿಟ್ಟನ್ ದೇಶಭಾಷಾ ಪತ್ರಿಕಾ ಕಾಯಿದೆ ತಂದ. ಇಂಗ್ಲಿಷ್ ಪತ್ರಿಕೆಗೆ ಅದು ಲಾಗೂ ಇಲ್ಲ. ಕನ್ನಡ, ಮರಾಠಿ, ಬಂಗಾಳಿಯಲ್ಲಿ ಬರೆದವನಿಂದ ಮಾತ್ರ ಮ್ಯಾಜಿಸ್ಟ್ರೇಟ್ ಮುಚ್ಚಳಿಕೆ ಬರೆಸಿಕೊಳ್ಳಬಹುದು, ಕೋರ್ಟಿಗೆ ಮೇಲ್ಮನವಿ ಇಲ್ಲ. ಫ್ರಾನ್ಸ್ ಚಿತ್ರಕ್ಕೆ ಹೆದರಿದಂತೆ ಇಲ್ಲಿನ ಸರ್ಕಾರ ಭಾಷೆಗೆ ಹೆದರಿತು. ಇದು ನನಗೆ ಇಡೀ ಕಥೆಯಲ್ಲೇ ಹೆಚ್ಚು ನೋವಿನ ಸಂಗತಿ. ಲಿಟ್ಟನ್ನನ ಕಾಯಿದೆ ಮುಂದಿನ ವೈಸರಾಯ್ ರಿಪ್ಪನ್ ಕಾಲದಲ್ಲಿ ರದ್ದಾಯಿತು. ಫ್ರಾನ್ಸ್ 1881ರ ಜುಲೈ 29ರಂದು ಚಿತ್ರಕ್ಕೂ ಬರಹಕ್ಕೂ ಬಿಡುಗಡೆ ಕೊಟ್ಟಿತು. ಅದನ್ನು ನೋಡಲು ದೋಮಿಯೆ ಇರಲಿಲ್ಲ. 1879ರಲ್ಲೇ, ಹೆಚ್ಚುಕಡಿಮೆ ಕುರುಡನಾಗಿ ತೀರಿಹೋಗಿದ್ದ.

ಆ ಕಾಲದ ನಮ್ಮ ಸೀಮೆಯಲ್ಲಿ ನೂರಕ್ಕೆ ಹತ್ತು ಮಂದಿಗೂ ಓದು ಬಾರದು. ಪ್ಯಾರಿಸ್ಸಿನಲ್ಲಿ ಅಂಗಡಿ ಕಿಟಕಿಯ ಚಿತ್ರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹಾಡು ಮಾಡುತ್ತಿತ್ತು. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರು (1819–1889) ದೋಮಿಯೆಯ ಓರಗೆಯವರೇ. ಅವರ ತತ್ವಪದ ದೊರೆಯ ಗೇಲಿಯಲ್ಲ ನಿಜ, ಆದರೆ ಅಚ್ಚಿಲ್ಲದೆ ಊರೂರಿಗೆ ಹಬ್ಬಿತು. 1857ರ ನಿಶ್ಶಸ್ತ್ರೀಕರಣ ಕಾಯಿದೆಯ ವಿರುದ್ಧ ನಿಂತ ಹಲಗಲಿ ಬೇಡರ ಲಾವಣಿಯೂ ಹಾಗೇ ಬಾಯಿಂದ ಬಾಯಿಗೆ ಉಳಿಯಿತು. ಅದನ್ನು ಸಂಗ್ರಹಿಸಿ ಪ್ರಕಟಿಸಿದವನು ಜೆ. ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ. ಹಾಡಿನಲ್ಲಿ ಜಪ್ತಿ ಮಾಡಲು ಕಲ್ಲು ಎಲ್ಲಿದೆ?

ಆಗ ನಮ್ಮ ಸೀಮೆಯೊಳಗೇ ಎರಡು ಆಡಳಿತ. ಹಾನಗಲ್ಲು, ಶಿಗ್ಗಾವಿ ಮುಖ್ಯಠಾಣೆಯಾಗಿದ್ದ ಬಂಕಾಪುರ ತಾಲೂಕು, ಹಿರೇಕೆರೂರು ಮುಖ್ಯಠಾಣೆಯಾಗಿದ್ದ ಕೋಡ ತಾಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು, ಸವಣೂರು ನವಾಬನದು. ಮೊದಲ ಮೂರಕ್ಕೂ ಬ್ರಿಟಿಷ್ ಭಾರತದ ಕಾಯಿದೆ, ಪಕ್ಕದ ಸವಣೂರಿಗೆ ಸಂಸ್ಥಾನದ ಆಡಳಿತ.

1910ರ ಪ್ರೆಸ್ ಕಾಯಿದೆ ಬಂದಾಗ ಹೊಸ ಅಚ್ಚುಕೂಟ ತೆರೆಯುವವನು 500ರಿಂದ 2,000 ರೂಪಾಯಿ ಜಾಮೀನು ಇಡಬೇಕಾಯಿತು. ಆಗ 15 ರೂಪಾಯಿಗೆ ಒಂದು ಚಿನ್ನದ ಸವರನ್, ಎಂದರೆ ಒಂದು ಪೌಂಡಿನ ನಾಣ್ಯ. 2,000 ರೂಪಾಯಿ ಎಂದರೆ 133 ಸವರನ್, ಸುಮಾರು ಒಂದು ಕಿಲೋ ಅಪ್ಪಟ ಚಿನ್ನ. ಅದು ಜಪ್ತಿಯಾದರೆ ಮತ್ತೆ ತೆರೆಯಲು 10,000 ರೂಪಾಯಿವರೆಗೆ, ಎಂದರೆ ಐದು ಕಿಲೋದ ಹತ್ತಿರ. ಭಾರತೀಯ ಪತ್ರಿಕಾ ಸಂಘ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಯ ಪ್ರಕಾರ ಸುಮಾರು 350 ಅಚ್ಚುಕೂಟ, 300 ಪತ್ರಿಕೆಗಳ ಮೇಲೆ ಕ್ರಮ. 500ಕ್ಕೂ ಹೆಚ್ಚು ಪ್ರಕಟಣೆಗಳು ಮುಟ್ಟುಗೋಲು. ಕೇಳಿದ ಜಾಮೀನು 40,000 ಪೌಂಡ್. ಆ ದರದಲ್ಲಿ 6 ಲಕ್ಷ ರೂಪಾಯಿ, ತೂಕದಲ್ಲಿ 290 ಕಿಲೋಗೂ ಮಿಕ್ಕಿದ ಚಿನ್ನ. ಜಾಮೀನು ಕೊಡಲಾಗದೆ ಶುರುವೇ ಆಗದೆ ಹೋದವು ಸುಮಾರು 200 ಅಚ್ಚುಕೂಟ, 130 ಪತ್ರಿಕೆ.

ಗೇಲಿಯ ಗೆರೆ ಮಾತ್ರ ಕನ್ನಡಕ್ಕೂ ಬಂತು. 1942ರಲ್ಲಿ, ಯುದ್ಧವೂ ಕ್ವಿಟ್ ಇಂಡಿಯಾ ಚಳವಳಿಯೂ ಒಟ್ಟಿಗೆ ಬಂದ ವರ್ಷ, ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ತೆರೆದರು. ಅದು 25 ವರ್ಷ ನಡೆಯಿತು. ಅದಕ್ಕೆ ಗೆರೆ ಎಳೆದ ಮೈಸೂರಿನ ಹುಡುಗ ಆರ್. ಕೆ. ಲಕ್ಷ್ಮಣ್ 1951ರಿಂದ ಮುಂಬಯಿಯ ಪತ್ರಿಕೆಯೊಂದರ ಮುಖಪುಟದ ಚಿಕ್ಕ ಚೌಕದಲ್ಲಿ ಐವತ್ತು ವರ್ಷಕ್ಕೂ ಮೇಲೆ ಬರೆದರು. ವರ್ಷಕ್ಕೆ ಬರೀ 200 ಎಂದು ಹಿಡಿದರೂ 10,000 ಚಿತ್ರ.